ನೀರುಗಂಟಿಯ ಸ್ಟೇಟಸ್ಸು

ಊರ ಹೆಸರು ಕೇಳಬೇಡಿ. ಗೌಡಗೆರೆ ಹೋಬಳಿ ಆಚೀಚೆ ಒಂದೂರು ಅಂತ ಇಟ್ಟುಕೊಳ್ಳಿ. ಹೆಸರು ಹೇಳಿದರೆ ಜಗಳಕ್ಕೆ ಬರುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಮಾಡಿದ್ದಕ್ಕೆ ನಾಚಿಕೊಳ್ಳುವವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು.

ಆ ಊರಿಗೆ ನೀರು ಬಿಡುವವನು ಸಣ್ಣರಂಗಯ್ಯ. ಪಂಚಾಯ್ತಿಯವರು ವಾಟರ್‌ಮ್ಯಾನ್ ಅಂತಾರೆ, ಹಳಬರು ನೀರುಗಂಟಿ ಅಂತಾರೆ. ಬೆಳಗ್ಗೆ ಎದ್ದು ಸೈಕಲ್ ಹತ್ತಿ, ಬೋರಿನ ಹತ್ತಿರ ಹೋಗಿ ಮೋಟರ್ ಹಾಕಿ, ಟ್ಯಾಂಕು ತುಂಬಿದ ಮೇಲೆ ಒಂದೊಂದು ಬೀದಿಯ ವಾಲನ್ನೂ ತಿರುಗಿಸಿಕೊಂಡು ಬರುವುದು ಅವನ ಕೆಲಸ. ಯಾರು ಪೈಪಿಗೆ ಕದ್ದು ಮೋಟರ್ ಕೂರಿಸಿದ್ದಾರೆ, ಯಾರು ಕುಡಿಯೋ ನೀರನ್ನು ಹೂವಿನ ಗಿಡಕ್ಕೆ ಹಾಯಿಸುತ್ತಾರೆ, ಎಲ್ಲಾ ಗೊತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ನೀರು ಬಂದರೆ ಅವನನ್ನು ಯಾರೂ ನೆನೆಯುವುದಿಲ್ಲ, ಬರದಿದ್ದರೆ ಅವನ ಏಳು ತಲೆಮಾರನ್ನೂ ನೆನೆಯುತ್ತಾರೆ. ಅದಕ್ಕೂ ಅವನು ನಕ್ಕು ಸುಮ್ಮನಾಗುತ್ತಿದ್ದ.

ಕರಿಯಮ್ಮನ ಗುಡಿಯ ಮುಂದಿನ ನೀರಿನ ತೊಟ್ಟಿಗೂ ಅವನೇ ನೀರು ಬಿಡಬೇಕು. ಗುಡಿ ತೊಳೆಯುವ ನೀರು, ಅಮ್ಮನ ಅಭಿಷೇಕದ ನೀರು, ತೀರ್ಥದ ನೀರು, ಎಲ್ಲಾ ಅವನ ಕೈಯಿಂದಲೇ ಹೋಗಬೇಕು. ನೀರು ಒಳಗೆ ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ. ಅವನದು ಕೇರಿ. ಕೇರಿಯವರು ಬೇವಿನ ಮರದ ಹತ್ತಿರ ನಿಂತು ಕೈ ಮುಗಿಯುತ್ತಾರೆ, ಅಷ್ಟೇ. ಹಾಗಂತ ಯಾರೂ ಬೋರ್ಡು ಹಾಕಿಲ್ಲ. ಹಾಕಿದರೆ ಕೇಸಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬೋರ್ಡು ಇಲ್ಲದ ಕಾನೂನು ಬೋರ್ಡಿರುವ ಕಾನೂನಿಗಿಂತ ಗಟ್ಟಿ ಸ್ವಾಮೀ, ಅದನ್ನು ಕಿತ್ತು ಬಿಸಾಕೋದಕ್ಕೂ ಆಗುವುದಿಲ್ಲ.

ಪಾವಗಡದಲ್ಲಿ ಮೇಷ್ಟ್ರಾಗಿರುವ ಅವನ ತಮ್ಮ ಬೈಲಪ್ಪ ಬೌದ್ಧ ಧರ್ಮ ತಗೊಂಡಿದ್ದ. ಅಣ್ಣನ ಮನೆಗೂ ಒಂದು ಬುದ್ಧನ ಪಟ ತಂದು ಗೋಡೆಗೆ ಹೊಡೆದು ಹೋಗಿದ್ದ. ಸಣ್ಣರಂಗಯ್ಯನ ಹೆಂಡತಿ ಭೀಮಕ್ಕ ಆ ಪಟಕ್ಕೂ ಊದಿನಕಡ್ಡಿ ಹಚ್ಚುತ್ತಿದ್ದಳು, ಗುಡಿ ಕಡೆ ತಿರುಗಿಯೂ ಕೈ ಮುಗಿಯುತ್ತಿದ್ದಳು.

“ಯಾರಾದ್ರೂ ಒಬ್ರಿಗೆ ಕೇಳ್ಸುದ್ರೆ ಸಾಕು ಬುಡು ಮೈದ್ನ,” ಅಂತಿದ್ದಳು.

ಇವರಿಗೆ ಒಬ್ಬಳೇ ಮಗಳು, ಲೋಹಿತಾ. ಸಿರಾದಲ್ಲಿ ಡಿಗ್ರಿ ಓದುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪನಿಗೆ ಫೋನು ಕಲಿಸಿದವಳು ಅವಳೇ. ಮೊದಲೆಲ್ಲಾ ಬೆಳಗಾದರೆ ಊರಿನವರೆಲ್ಲಾ ಅವನಿಗೆ ಫೋನು ಮಾಡುತ್ತಿದ್ದರು: ನೀರು ಯಾವಾಗ, ನಮ್ಮ ಬೀದಿಗೆ ಯಾವಾಗ, ಸತ್ತೋದ್ಯೇನ್ಲಾ. ಅದನ್ನು ನೋಡಿ ನೋಡಿ ಅವಳಿಗೆ ಸಿಟ್ಟು ಬಂತು.

“ಅಪ್ಪಾ, ಒಬ್ಬೊಬ್ರಿಗೂ ಯಾಕ್ ಉತ್ರ ಕೊಡ್ತಾ ಕೂತಿರ್ತೀಯ? ವಾಟ್ಸಾಪಲ್ಲಿ ಸ್ಟೇಟಸ್ ಹಾಕು. ಬೇಕಾದೋರು ನೋಡ್ಕೊಂತಾರೆ.”

ಅಂದಿನಿಂದ ದಿನಾ ಬೆಳಗ್ಗೆ ಸ್ಟೇಟಸ್ಸು. ‘ಇವತ್ತು ಕೆಳಗಿನ ಬೀದಿ.’ ‘ಕರೆಂಟ್ ಇಲ್ಲ, ನೀರು ತಡ.’ ‘ಮೋಟರ್ ಸುಟ್ಟಿದೆ, ಬೈಯಬೇಡಿ.’ ಊರಲ್ಲಿ ಎದ್ದು ದೇವರ ಪಟ ನೋಡುತ್ತಿದ್ದರೋ ಇಲ್ಲವೋ, ಸಣ್ಣರಂಗಯ್ಯನ ಸ್ಟೇಟಸ್ಸು ನೋಡದೆ ಯಾರೂ ಹಲ್ಲುಜ್ಜುತ್ತಿರಲಿಲ್ಲ. ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಮುಂದೆ ಇದೇ ಅವನ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಆ ವರ್ಷ ಕಾಲೇಜುಗಳ ನಡುವೆ ಒಂದು ಸ್ಪರ್ಧೆ ಬಂತು. ವಿದ್ಯಾರ್ಥಿಗಳು ತಮ್ಮೂರಿನ ಒಂದು ಹಾಡನ್ನು ಹಾಡಿ, ಅದಕ್ಕೆ ತಾವೇ ವಿಡಿಯೋ ಮಾಡಿ ಕಳಿಸಬೇಕು. ಲೋಹಿತಾ ಅವ್ವನ ಹಾಡು ಆರಿಸಿದಳು. ಕೇರಿಯ ಹೆಂಗಸರು ಬೇವಿನ ಮರದ ಕೆಳಗೆ ನಿಂತು ಕರಿಯಮ್ಮನಿಗೆ ಹೇಳುವ ಪದ ಅದು.

ಹೂವ ತಂದೀನಿ ತಾಯಿ ಹೊಸಲ ದಾಟೀನಿ
ಕರಿಯವ್ವ ಕಣ್ಣ ತೆರೆಯವ್ವ
ಕಲ್ಲ ಕಂಬಕ್ಕೆ ಒರಗೀನಿ, ನಿನ್ನ
ದೀಪದ ಬೆಳಕಲ್ಲಿ ಕಂಡೀನಿ

ಯಾವ ಅಜ್ಜಿ ಕಟ್ಟಿದಳೋ ಏನೋ. ಹಾಡಿನಲ್ಲಿ ಗುಡಿಯ ಹೊಸಲು ದಾಟಿ ಒಳಗೆ ಹೋಗಿ ಕಂಬಕ್ಕೆ ಒರಗಿ ಅಮ್ಮನ ಮುಖ ನೋಡುತ್ತಾರೆ. ಹಾಡು ಮುಗಿದ ಮೇಲೆ ಬೇವಿನ ಮರದಿಂದಲೇ ವಾಪಸ್ಸು ಮನೆಗೆ ಬರುತ್ತಾರೆ.

ವಿಡಿಯೋ ಮಾಡುವುದಕ್ಕೆ ಲೋಹಿತಾಳ ಜೊತೆ ಓದುವ ಚೇತನ್ ಕುಮಾರ್ ಬಂದ. ಪಾವಗಡದ ಕಡೆ ಹುಡುಗ, ಬಾಯಲ್ಲಿ ಅರ್ಧ ತೆಲುಗು. ಮದುವೆ ವಿಡಿಯೋದವರ ಹತ್ತಿರ ಓಡಾಡಿಕೊಂಡಿದ್ದು ಕೆಲಸ ಕಲಿತಿದ್ದ. ಜಗಲಿ ಮೇಲೆ ಕೂತು ಫೋನಿನಲ್ಲೇ ಬೆರಳಲ್ಲಿ ಚೌಕ ಚೌಕ ಬರೆದು, ಒಂದೊಂದು ಸಾಲಿಗೆ ಒಂದೊಂದು ಚಿತ್ರ ಗೀಚುತ್ತಾ ಹೋದ. ಹೂವು ಅಂದಾಗ ಸೇವಂತಿಗೆ ಹೊಲ. ತಾಯಿ ಅಂದಾಗ ಭೀಮಕ್ಕನ ಕೈ. ಹೊಸಲು ಅನ್ನುವ ಚೌಕಕ್ಕೆ ಬಂದಾಗ ಒಂದು ಗುಡಿ ಬರೆದು, ಒಳಗೊಂದು ಹುಡುಗಿಯನ್ನು ಬರೆದ.

“ಅದು ಆಗಲ್ಲ,” ಅಂದಳು ಲೋಹಿತಾ.

“ಯಾಕೆ? ಪೂಜಾರೀನ ಕೇಳಿದ್ರೆ ಆಯ್ತು.”

“ಆಗಲ್ಲ ಅಂದ್ನಲ್ಲ ಚೇತನ್. ಬಿಡು.”

ಚೇತನ್ ಅವಳ ಮುಖ ನೋಡಿದ, ಟೀ ಲೋಟ ಹಿಡಿದು ನಿಂತಿದ್ದ ಸಣ್ಣರಂಗಯ್ಯನ ಮುಖ ನೋಡಿದ. ಅರ್ಥವಾಯಿತು. ಒಳ್ಳೇ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೇ ಹುಡುಗರಿಗೆ ಎಲ್ಲಾ ಕಷ್ಟಕ್ಕೂ ಫೋನಿನಲ್ಲಿ ಒಂದು ದಾರಿ ಇದೆ ಅನ್ನೋ ಭ್ರಮೆ.

“ಪರವಾಲೇದು ಅಂಕಲ್. ಇವಳು ಹೋಗೋದೇ ಬೇಡ. ನಾನು ಗುಡಿ ಒಳಗೆ ಹೋಗಿ ಬರೀ ಜಾಗ ಶೂಟ್ ಮಾಡ್ಕೊಂಡು ಬರ್ತೀನಿ. ಇವಳನ್ನ ಇಲ್ಲೇ ಹಸಿರು ಬಟ್ಟೆ ಮುಂದೆ ನಿಲ್ಲಿಸಿ ತಗೊಳ್ಳೋಣ. ಆಮೇಲೆ ಎಡಿಟಿಂಗಲ್ಲಿ ಹಸಿರನ್ನ ಅಳಿಸಿ ಗುಡೀನ ಕೂರಿಸೋದು. ಸಿನಿಮಾದೋರೂ ಇಂಗೇ ಮಾಡೋದು.”

ಸಣ್ಣರಂಗಯ್ಯನಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಮಗಳು ತಲೆಯಾಡಿಸಿದಳು, ಅವನೂ ಆಡಿಸಿದ.

ಮೊದಲು ಹಾಡು ಹಿಡಿದರು. ಸದ್ದು ಮಾರ್ದನಿಸಬಾರದು ಅಂತ ಮನೆಯ ಗೋಡೆಗೆಲ್ಲಾ ಕಂಬಳಿ ನೇತುಹಾಕಿ, ಫೋನಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿ, ತಾಳ ತಪ್ಪಬಾರದು ಅಂತ ಕಿವಿಗೆ ಟಿಕ್ ಟಿಕ್ ಅನ್ನುವ ಸದ್ದು ಹಾಕಿದರು. ಲೋಹಿತಾ ಹಾಡಿದಳು. ಹಿಮ್ಮೇಳಕ್ಕೆ ನಿಂತ ಭೀಮಕ್ಕ ಎರಡು ಸಲ ತಪ್ಪಿ ಕಿವಿಯಿಂದ ಇಯರ್‌ಫೋನ್ ಕಿತ್ತೆಸೆದಳು.

“ಈ ಟಿಕ್ ಟಿಕ್ ಹಿಂದೆ ಓಡಕ್ಕೆ ನಾನೇನು ಬಸ್ಸಿಗೆ ಹೊತ್ತಾದೋಳಾ? ನನ್ ಪಾಡಿಗೆ ನಾನ್ ಹೇಳ್ತೀನಿ, ಬೇಕಾದ್ರೆ ಅದೇ ನನ್ ಹಿಂದೆ ಬರ್ಲಿ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಅಷ್ಟು ನಗು ಆಮೇಲೆ ಮತ್ತೆ ಕೇಳಲಿಲ್ಲ.

ಹಸಿರು ಬಟ್ಟೆ ಎಲ್ಲಿಂದ ತರೋದು? ಭೀಮಕ್ಕ ಟ್ರಂಕು ತೆಗೆದು ತನ್ನ ಹಸಿರು ಸೀರೆ ಕೊಟ್ಟಳು. ಲೋಹಿತಾ ಹೊಟ್ಟೆಯಲ್ಲಿದ್ದಾಗ ತವರಿನವರು ಮಡಿಲು ತುಂಬಿ ಉಡಿಸಿದ್ದ ಸೀರೆ. ಅಂಚು, ಸೆರಗು ಕಾಣದ ಹಾಗೆ ಮಡಚಿ ಹಿತ್ತಲಲ್ಲಿ ಎರಡು ಬಿದಿರಿಗೆ ಕಟ್ಟಿದರು. ಗಾಳಿಗೆ ಅದು ನಿಲ್ಲಲೇ ಇಲ್ಲ. ಸುಕ್ಕು ಬಿದ್ದರೆ ಅಳಿಸೋದಕ್ಕೆ ಬರಲ್ಲ ಅಂತ ಚೇತನ್ ಒದ್ದಾಡಿದ. ಕೊನೆಗೆ ಸಣ್ಣರಂಗಯ್ಯನೇ ಹಿಂದೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿ ಸೀರೆಯನ್ನು ಬಿಗಿಯಾಗಿ ಎಳೆದು ಹಿಡಿದ.

“ಅಲ್ಲಾಡಬೇಡಿ ಅಂಕಲ್. ಅಂಗೇ ಇರ್ಲಿ.”

ಮಗಳು ಅವನಿಗೆ ಕಾಣುತ್ತಿರಲಿಲ್ಲ. ಕಣ್ಣ ಮುಂದೆ ಬರೀ ಹಸಿರು, ಅದರಾಚೆಯಿಂದ ಅವಳ ದನಿ. ಹೊಸಲ ದಾಟೀನಿ ಅಂತ ಅವಳು ಹಾಡಿದಾಗ ಅವನು ಸೀರೆಯನ್ನು ಇನ್ನೂ ಎತ್ತಿ ಹಿಡಿದ. ತೋಳು ಸೋತು ನಡುಗುತ್ತಿತ್ತು. ಮುಖದ ಮೇಲೆ ಇಳಿಯುತ್ತಿದ್ದದ್ದು ಬೆವರೋ ಕಣ್ಣೀರೋ ನೋಡೋರು ಯಾರೂ ಇರಲಿಲ್ಲ, ಅದಕ್ಕೇ ಅವನು ಒರೆಸಿಕೊಳ್ಳಲೂ ಇಲ್ಲ. ನನ್ನ ಕೂಸು ಎಷ್ಟು ಚೆನ್ನಾಗಿ ಹಾಡ್ತಾಳಪ್ಪಾ ಅಂತ ಹಿಗ್ಗಿದ.

ಅದೇ ದಿನ ಚೇತನ್ ಗುಡಿಗೆ ಹೋದ. ಪೂಜಾರಿ ಯಾವೂರು, ಯಾರ ಪೈಕಿ ಅಂತ ಕೇಳಿ, ಉತ್ತರ ಹಿಡಿಸಿದ ಮೇಲೆ ಒಳಗೆ ಬಿಟ್ಟ. ಹೊಸಲು, ಕಲ್ಲುಕಂಬ, ದೀಪ, ಅಮ್ಮನ ಮುಖ, ಎಲ್ಲಾ ಶೂಟ್ ಮಾಡಿಕೊಂಡ. ತೀರ್ಥವನ್ನೂ ಕೊಟ್ಟು ಕಳಿಸಿದರು.

ಒಂದು ವಾರಕ್ಕೆ ಹಾಡು ತಯಾರಾಗಿ ಬಂತು. ಸಂಜೆ ಲೋಹಿತಾ ಅಪ್ಪ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಫೋನು ಹಿಡಿದಳು. ಸೇವಂತಿಗೆ ಹೊಲ ಬಂತು, ಭೀಮಕ್ಕನ ಕೈ ಬಂತು. ಆಮೇಲೆ ಗುಡಿ. ಲೋಹಿತಾ ಹೊಸಲಿನ ಈಚೆ ನಿಂತಿದ್ದಾಳೆ, ಮರುಗಳಿಗೆ ಒಳಗಿದ್ದಾಳೆ. ಕಂಬದ ಪಕ್ಕ ನಿಂತು ಹಾಡುತ್ತಿದ್ದಾಳೆ. ದೀಪದ ಬೆಳಕು ಅವಳ ಕೆನ್ನೆ ಮೇಲೆ ಕೂಡಾ ಬಿದ್ದಿದೆ. ಅದು ಹೆಂಗೆ ಬಿತ್ತೋ ಆ ಹುಡುಗನಿಗೇ ಗೊತ್ತು.

“ಇದು ಒಳಗಡೆನೇನಮ್ಮ?” ಸಣ್ಣರಂಗಯ್ಯನ ದನಿ ಸಣ್ಣದಾಗಿತ್ತು.

“ಊಂ ಅಪ್ಪಾ.”

“ನಿಲ್ಸು, ನಿಲ್ಸು. ಹಿಂದಕ್ ಹಾಕು.”

ಹಿಂದಕ್ಕೆ ಹಾಕಿಸಿ ಹಾಕಿಸಿ ನೋಡಿದ. ಗುಡಿಯ ಒಳಗನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಮ್ಮ ಇಷ್ಟೆತ್ತರ ಇದ್ದಾಳೆ ಅಂದುಕೊಂಡಿದ್ದ, ನೋಡಿದರೆ ಮೊಳದುದ್ದ ಕಲ್ಲು. ಭೀಮಕ್ಕ ಫೋನನ್ನೇ ಕಣ್ಣಿಗೊತ್ತಿಕೊಂಡಳು. ಒತ್ತಿಕೊಂಡವಳೇ ಬಾಗಿಲ ಕಡೆ ತಿರುಗಿ ನೋಡಿದಳು.

“ಯವ್ವಾ, ಯಾರ್ಗೂ ತೋರಿಸ್ಬೇಡ ಕಣಮ್ಮ ಇದ್ನ. ಊರೋರ್ ಕಂಡ್ರೆ ಸುಟ್ ಹಾಕ್ತಾರೆ.”

“ಇಲ್ಲಮ್ಮ, ಬರೀ ಸ್ಪರ್ಧೆಗೆ ಕಳ್ಸೋದು. ಅವ್ರೆಲ್ಲಿ ನೋಡ್ತಾರೆ?” ಅಂದಳು ಲೋಹಿತಾ. ಅಪ್ಪ ತನಗೂ ಬೇಕು ಅಂದನಲ್ಲ ಅಂತ ಅವನ ಫೋನಿಗೂ ಅದನ್ನು ಹಾಕಿಕೊಟ್ಟಳು.

ಈಗ ಮಾರನೇ ಬೆಳಗ್ಗೆ ಏನಾಯಿತು ಕೇಳಿ. ಬೋರಿನ ಹತ್ತಿರ ಟ್ಯಾಂಕು ತುಂಬೋವರೆಗೂ ಕೂತಿದ್ದ ಸಣ್ಣರಂಗಯ್ಯ ಹಾಡನ್ನು ಮತ್ತೊಂದು ಸಲ ನೋಡಿದ. ಇನ್ನೊಂದು ಸಲ. ಕೊರಟಗೆರೆಯ ಅವನ ಭಾವಮೈದ ಮಗನ ಹುಟ್ಟುಹಬ್ಬ ಆದರೂ ಸ್ಟೇಟಸ್ಸಿಗೆ ಹಾಕುತ್ತಾನೆ, ಎಮ್ಮೆ ಕರು ಹಾಕಿದರೂ ಸ್ಟೇಟಸ್ಸಿಗೆ ಹಾಕುತ್ತಾನೆ. ನಾನೊಬ್ಬ ದಿನಾ ನೀರು, ಕರೆಂಟು ಅಂತ ಹಾಕ್ಕೊಂಡು ಸಾಯ್ತೀನಿ ಅನ್ನಿಸಿತು. ಹಾಕಿಯೇಬಿಟ್ಟ. ಕೆಳಗೆ ‘ನನ್ನ ಮಗಳು’ ಅಂತ ಬರೆದ. ಅದರ ಹಿಂದೆಯೇ ಅಭ್ಯಾಸಬಲದಿಂದ ‘ಇವತ್ತು ಮೇಲಿನ ಬೀದಿ’ ಅಂತಲೂ ಹಾಕಿದ. ಆ ಹೊತ್ತಿನಲ್ಲಿ ಅವನು ನೀರುಗಂಟಿ ಆಗಿರಲಿಲ್ಲ, ಬರೀ ಅಪ್ಪ ಆಗಿದ್ದ. ಅವನ ಸ್ಟೇಟಸ್ಸಿಗಾಗಿ ಊರೇ ಕಾದು ಕೂತಿರುತ್ತೆ ಅನ್ನೋದು ಮರೆತೇಹೋಗಿತ್ತು.

ಮೇಲಿನ ಬೀದಿಯ ವಾಲು ತಿರುಗಿಸೋದಕ್ಕೆ ಬಗ್ಗಿದಾಗ ಪಕ್ಕದಲ್ಲಿ ಬೈಕು ನಿಂತಿತು. ಗುಡಿಯ ಯಜಮಾನ ಮೂಡಲಗಿರಿಯಪ್ಪನ ತಮ್ಮನ ಮಗ ಯುವರಾಜ್.

“ಲೇ ರಂಗ, ಏನ್ಲಾ ಇದು?”

ಫೋನು ಮುಖಕ್ಕೆ ಹಿಡಿದ. ಅದರಲ್ಲಿ ಲೋಹಿತಾ ಕಂಬದ ಪಕ್ಕ ನಿಂತು ಹಾಡುತ್ತಿದ್ದಳು. ಸಣ್ಣರಂಗಯ್ಯನ ಕೈಯಿಂದ ವಾಲಿನ ಕೀಲಿ ಜಾರಿ ಗುಂಡಿಯೊಳಗೆ ಬಿತ್ತು. ಗಡಿಬಿಡಿಯಲ್ಲಿ ಸ್ಟೇಟಸ್ಸು ಅಳಿಸಿದ. ಅಳಿಸಿ ಏನು ಬಂತು, ಅಷ್ಟು ಹೊತ್ತಿಗೆ ಅದು ಊರಿನ ಫೋನುಗಳಲ್ಲೆಲ್ಲಾ ಓಡಾಡುತ್ತಿತ್ತು.

ಪೂಜಾರಿ ಗುಡಿಗೆ ಬೀಗ ಜಡಿದ. ಅಂಗಡಿಯವನು ಸೋಪು ಕೇಳಿದ ಭೀಮಕ್ಕನಿಗೆ ಇಲ್ಲ ಅಂದ, ಎದುರಿಗೇ ಸಾಲಾಗಿ ಜೋಡಿಸಿಟ್ಟಿದ್ದ. ಡೈರಿಯಲ್ಲಿ ಕೇರಿಯವರ ಹಾಲನ್ನು ಹಾಕಿಸಿಕೊಳ್ಳಲಿಲ್ಲ. ಹಾಲಿನ ಕ್ಯಾನು ಹಿಡಿದು ವಾಪಸ್ಸು ಬಂದವರು ಸಣ್ಣರಂಗಯ್ಯನ ಬಾಗಿಲ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದರು. ಬೈದವರು ಅವನ ಕಡೆಯವರೇ. ಮಧ್ಯಾಹ್ನ ಅರಳಿಕಟ್ಟೆ ಹತ್ತಿರ ಪಂಚಾಯ್ತಿ ಅಂತ ಹೇಳಿ ಕಳಿಸಿದರು.

ಲೋಹಿತಾ ಅವತ್ತು ಕಾಲೇಜಿಗೆ ಹೋಗಲಿಲ್ಲ. ವಿಷಯ ತಿಳಿದ ಚೇತನ್ ಅಳುತ್ತಾ ಸಣ್ಣರಂಗಯ್ಯನಿಗೇ ಫೋನು ಮಾಡಿ, ಹಿತ್ತಲಲ್ಲಿ ತೆಗೆದಿದ್ದ ಮೂಲ ವಿಡಿಯೋ ಕಳಿಸಿದ. ಕತ್ತರಿಸದೆ, ಅಳಿಸದೆ, ಇದ್ದ ಹಾಗೆ. ಅದರಲ್ಲಿ ಗುಡಿ ಇಲ್ಲ, ಕಂಬ ಇಲ್ಲ. ಹಸಿರು ಸೀರೆ ಮುಂದೆ ಲೋಹಿತಾ, ಸೀರೆಯ ಮೇಲಂಚಿನ ಎರಡು ಕಡೆ ಸಣ್ಣರಂಗಯ್ಯನ ಎರಡು ಕೈ.

“ಇದನ್ನ ತೋರಿಸಿ ಅಂಕಲ್, ಅವಳು ಒಳಗೆ ಹೋಗಿಲ್ಲ ಅಂತ ಗೊತ್ತಾಗ್ತದೆ,” ಅಂದ.

ಸಣ್ಣರಂಗಯ್ಯನಿಗೆ ಹೋದ ಉಸಿರು ಬಂತು. ಲೋಹಿತಾ ಎದ್ದು ಬಂದು ಅವನೆದುರು ನಿಂತಳು.

“ತೋರಿಸ್ಬೇಡಪ್ಪಾ.”

“ಯಾಕಮ್ಮ? ನೀನು ಹೋಗಿಲ್ಲ ತಾನೆ?”

“ಹೋಗಿಲ್ಲ. ಹೋಗಿದ್ರೆ ಏನು ತಪ್ಪು? ಕಾನೂನಲ್ಲಿ ಏನಾದ್ರೂ ತಪ್ಪೈತಾ? ನಾನು ಹೋಗಿಲ್ಲ, ಇಗೋ ನೋಡ್ರಿ ಸಾಕ್ಷಿ ಅಂದ್ರೆ, ಹೋಗ್ಬಾರದು ಅಂತ ನಾವೇ ಒಪ್ಕೊಂಡಂಗೆ. ನೀನು ಸುಮ್ನಿರು. ಏನ್ ಕೇಳಿದ್ರೂ ಬಾಯಿ ಬಿಡ್ಬೇಡ. ಸಂಜೆಗೆ ಚಿಕ್ಕಪ್ಪ ಬರ್ತಾನೆ, ಹಾಲು ನಿಲ್ಸಿರೋದು, ಅಂಗಡಿ ಬಂದ್ ಮಾಡಿರೋದು, ಎಲ್ಲಾ ಸೇರ್ಸಿ ಕಂಪ್ಲೇಂಟ್ ಕೊಡಾನ. ಅಲ್ಲೀಗಂಟ ತಡ್ಕೋ. ನನ್ ಮೇಲಾಣೆ.”

ಅವಳೇ ಅವನ ಕೈ ಎತ್ತಿ ತನ್ನ ತಲೆ ಮೇಲಿಟ್ಟುಕೊಂಡಳು. ಎಣ್ಣೆ ಹಚ್ಚಿದ ತಲೆ ಬೆಚ್ಚಗಿತ್ತು.

“ತೋರ್ಸಲ್ಲ,” ಅಂದ ಸಣ್ಣರಂಗಯ್ಯ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ಮನಸ್ಸಿನಿಂದಲೇ ಹೇಳಿದ.

ಕಟ್ಟೆ ಮೇಲೆ ಯಜಮಾನರು, ಸುತ್ತ ಊರಿನವರು, ಒಂದು ಮಾರು ದೂರದಲ್ಲಿ ಕೇರಿಯವರು. ಎಲ್ಲಿ ನಿಲ್ಲಬೇಕು ಅಂತ ಯಾರೂ ಯಾರಿಗೂ ಹೇಳಲಿಲ್ಲ, ಕಾಲುಗಳಿಗೇ ಗೊತ್ತಿತ್ತು. ಮೂಡಲಗಿರಿಯಪ್ಪ ದನಿ ಏರಿಸಿ ಮಾತಾಡುವ ಪೈಕಿ ಅಲ್ಲ. ಮಗುವಿಗೆ ಬುದ್ಧಿ ಹೇಳುವವರ ಹಾಗೆ ಶುರು ಮಾಡಿದ.

“ನೋಡು ರಂಗಯ್ಯ, ಕಾನೂನು ನಮಗೂ ಗೊತ್ತೈತೆ. ನೀವ್ ಬರ್ಬೇಡಿ ಅಂತ ನಾವ್ ಯಾವತ್ತಾದ್ರೂ ಅಂದಿದ್ವಾ? ಕೇಳ್ಕೊಂಡ್ ಬರ್ಬೌದಿತ್ತು. ಕದ್ದು ಬಂದು, ಹಾಡಿ ಕುಣ್ದು, ಅದ್ನ ಊರಿಗೆಲ್ಲಾ ಹಂಚಿದ್ಯಲ್ಲ, ಇದು ಸರಿನಾ?”

ಕೇಳಿಕೊಂಡು ಬರಬಹುದಿತ್ತಂತೆ! ಕೇಳಿದವರನ್ನು ಏನು ಮಾಡುತ್ತಿದ್ದರು ಅನ್ನೋದು ಅಲ್ಲಿ ನಿಂತಿದ್ದ ಅರಳಿಮರಕ್ಕೂ ಗೊತ್ತಿತ್ತು. ಸಣ್ಣರಂಗಯ್ಯ ತಲೆ ತಗ್ಗಿಸಿ ಸುಮ್ಮನೆ ನಿಂತ. ಬೈದರು, ಸುಮ್ಮನಿದ್ದ. ವಾಟರ್‌ಮ್ಯಾನ್ ಕೆಲಸದಿಂದ ತೆಗೆಸುತ್ತೀವಿ ಅಂದರು, ಅದಕ್ಕೂ ಸುಮ್ಮನಿದ್ದ. ಕೇರಿಯ ಮುದುಕರೊಬ್ಬರು ಹಿಂದಿನಿಂದ, “ತಪ್ಪಾಯ್ತು ಅನ್ನಲಾ ರಂಗ, ಮಕ್ಳಿಗೆ ಹಾಲಿಲ್ಲ,” ಅಂದರು. ಹಲ್ಲು ಕಚ್ಚಿಕೊಂಡ. ಇಷ್ಟರ ತನಕ ಅವನು ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಆಗ ಯುವರಾಜ್ ಬೈಕಿನ ಮೇಲೆ ಕೂತಿದ್ದವನು ಆರಾಮವಾಗಿ ಅಂದ:

“ಇವನ್ನ ಏನ್ ಕೇಳಾದು ದೊಡಪ್ಪಾ. ಹೋಗಿದ್ದು ಅವಳು, ಅವಳನ್ನೇ ಕೇಳಾನ. ದಿನಾ ಸಿರಾ ಬಸ್ಸಿಗೆ ಇಲ್ಲೇ ತಾನೆ ಬಂದ್ ನಿಂತ್ಕೊಳ್ಳಾದು. ಸಂಜೆ ಇಳಿಯಾದೂ ಇಲ್ಲೇ.”

ಯಾರೋ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ಮೂಡಲಗಿರಿಯಪ್ಪ ಅವರನ್ನು ಗದರಲಿಲ್ಲ. ಗದರಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ. ಸಣ್ಣರಂಗಯ್ಯ ತಲೆ ಎತ್ತಿದ. ಬಸ್‌ಸ್ಟಾಪು ಕಣ್ಣ ಮುಂದೆ ಬಂತು, ಸಂಜೆ ಮಬ್ಬಿನಲ್ಲಿ ಬಸ್ಸಿನಿಂದ ಇಳಿದು ಬ್ಯಾಗು ಎದೆಗವಚಿಕೊಂಡು ಒಬ್ಬಳೇ ನಡೆದು ಬರುವ ಮಗಳು ಬಂದಳು. ಆಣೆ, ಮಾನ, ಕಾನೂನು, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು.

“ಅವಳು ಹೋಗಿಲ್ಲ ಯಜಮಾನ್ರೆ. ಸತ್ಯವಾಗ್ಲೂ ಹೋಗಿಲ್ಲ. ಇಗೋ, ನೀವೇ ನೋಡಿ.”

ಫೋನನ್ನು ಕಟ್ಟೆಯ ಅಂಚಿನ ಮೇಲಿಟ್ಟು ಹಿಂದಕ್ಕೆ ಸರಿದ. ಯುವರಾಜ್ ಎತ್ತಿಕೊಂಡ. ತಲೆಗಳೆಲ್ಲಾ ಅದರ ಮೇಲೆ ಬಗ್ಗಿದವು. ಹೊಸಲ ದಾಟೀನಿ ಅಂತ ಲೋಹಿತಾಳ ದನಿ ಅರಳಿಕಟ್ಟೆಯ ಮೇಲೆ ಸಣ್ಣಗೆ ಕೇಳಿತು. ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬ ಕೂಗಿದ:

“ಏ, ಸೀರೆ ಕಣ್ರೋ! ಬರೀ ಸೀರೆ! ಇವು ರಂಗನ ಕೈ ನೋಡ್ರೋ!”

“ಪೊಲೀಸ್ರು ಹಿಡ್ದಂಗೆ ಎತ್ಕೊಂಡ್ ನಿಂತವ್ನೆ!”

ನಗು ಹತ್ತಿಕೊಂಡಿತು. ಬೆಳಗ್ಗೆಯಿಂದ ಬಿಗಿದಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೇರಿಯವರೂ ಉಳಿದೆ ಬಡಜೀವವೇ ಅಂತ ನಕ್ಕರು. ಮೂಡಲಗಿರಿಯಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ನಾನ್ ಹೇಳ್ಲಿಲ್ವಾ, ನಮ್ ರಂಗಯ್ಯ ಅಂಥೋನಲ್ಲ ಅಂತ. ಮೊದ್ಲೇ ಹೇಳಕ್ಕೇನ್ಲಾ ಆಗಿತ್ತು ನಿಂಗೆ?”

ಸಣ್ಣರಂಗಯ್ಯನೂ ನಕ್ಕ. ನಕ್ಕು ಕೈ ಮುಗಿದು, “ನಾವೆಲ್ಲಾ ಒಳಗೆ ಬರ್ತೀವಾ ಯಜಮಾನ್ರೆ?” ಅಂದುಬಿಟ್ಟ.

ಆ ಮಾತು ಹೇಳು ಅಂತ ಯಾರೂ ಅವನನ್ನು ಕೇಳಿರಲಿಲ್ಲ. ಬಾಯಿಗೆ ಬಂದಿದ್ದು ಬಂದುಬಿಟ್ಟಿತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಪೂಜಾರಿ ಬಿಡಬೇಕಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಒಳಗೆ ಬಂದಿದ್ದಾಳೋ ಇಲ್ಲವೋ, ಬಂದ ಹಾಗೆ ಊರೆಲ್ಲಾ ಕಂಡಿದೆ, ಜನರ ಮನಸ್ಸಿಗೆ ಸಮಾಧಾನ ಆಗಬೇಕು, ಒಂದು ಸಲ ಶುದ್ಧಿ ಮಾಡಿಬಿಡೋಣ ಅಂದ. ಎಲ್ಲರೂ ಹೂಂ ಅಂದರು. ಮೂಡಲಗಿರಿಯಪ್ಪ ಏಳುತ್ತಾ, “ನಾಳೆ ಬೆಳಗ್ಗೆ ಗುಡಿ ತೊಟ್ಟಿಗೆ ಜಾಸ್ತಿ ನೀರು ಬುಡು ರಂಗಯ್ಯ,” ಅಂದ. ಅವನು ತಲೆಯಾಡಿಸಿದ.

ಸಂಜೆ ಅವನು ಮನೆಗೆ ಬರುವ ಹೊತ್ತಿಗೆ ಲೋಹಿತಾ ಎಲ್ಲಾ ನೋಡಿಯಾಗಿತ್ತು. ಯುವರಾಜ್ ಆ ವಿಡಿಯೋವನ್ನು ಊರಿನ ಗ್ರೂಪಿಗೆ ಹಾಕಿದ್ದ. ಅದರ ಕೆಳಗೆ ಸಾಲು ಸಾಲು ನಗುವ ಮುಖಗಳು. ಜೊತೆಗೆ ಅಪ್ಪ ಕೈ ಮುಗಿದು ನಕ್ಕು ಹೇಳಿದ ಮಾತನ್ನೂ ಯಾರೋ ಫೋನಿನಲ್ಲಿ ಹಿಡಿದು ಹಾಕಿದ್ದರು. ಬೈಲಪ್ಪ ಬಂದು ಕೂತಿದ್ದ. ಅಣ್ಣನ ಮುಖ ನೋಡಲಾಗದೆ ಗೋಡೆ ಮೇಲಿನ ಪಟ ನೋಡುತ್ತಿದ್ದ.

“ಕಂಪ್ಲೇಂಟ್ ಕೊಡಾನ ಈಗ್ಲೂ,” ಅಂದ ಬೈಲಪ್ಪ. “ಆದ್ರೆ ಅಣ್ಣಾ, ನೀನೇ ನಾವ್ ಬರಲ್ಲ ಅಂತ ಕೈ ಮುಗ್ದಿರೋದು ಅವ್ರ ಹತ್ರ ಐತೆ.”

“ಬಸ್‌ಸ್ಟಾಪಿನ ಮಾತಾಡಿದ್ರು ಕಣಮ್ಮ,” ಅಂದ ಸಣ್ಣರಂಗಯ್ಯ ಮಗಳಿಗೆ. “ನಿಂಗೇನಾದ್ರೂ ಆಗಿದ್ರೆ ನಾನು ಸತ್ತೋಗ್ತಿದ್ದೆ.”

ಲೋಹಿತಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಕಣ್ಣು ಕೆಂಪಗಿದ್ದವು.

“ಗೊತ್ತಪ್ಪಾ. ನೀನು ನಂಗೋಸ್ಕರನೇ ಮಾಡ್ದೆ. ಅದ್ಕೇ ನಿನ್ ಮೇಲೆ ಕೋಪ ಮಾಡ್ಕೊಳ್ಳಕ್ಕೂ ಆಗ್ತಿಲ್ಲ ನಂಗೆ. ಬೆಳಗ್ಗೆಯಿಂದ ಅವ್ರೆಲ್ಲಾ ನಾನು ಒಳಗೆ ಹೋಗಿದ್ದೆ ಅಂತ್ಲೇ ತಿಳ್ಕೊಂಡಿದ್ರು. ಅಷ್ಟೊತ್ತೂ ನಂಗೆ ಹೆದ್ರಿಕೆ ಇತ್ತು, ನಾಚ್ಕೆ ಇರ್ಲಿಲ್ಲ. ಈಗ ಹೆದ್ರಿಕೆ ಇಲ್ಲ.”

ಪರೀಕ್ಷೆ ಮುಗಿಯೋವರೆಗೂ ಪಾವಗಡದಿಂದಲೇ ಓಡಾಡುತ್ತೀನಿ ಅಂದಳು. ಹಾಡನ್ನು ಸ್ಪರ್ಧೆಗೆ ಕಳಿಸಬೇಡ ಅಂತ ಚೇತನ್‌ಗೆ ಹೇಳಿದ್ದಳು. ಭೀಮಕ್ಕ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾ, ಹಸಿರು ಸೀರೆಯನ್ನು ಮಗಳ ಬ್ಯಾಗಿಗೆ ಇಡಲು ಹೋದಳು. ಲೋಹಿತಾ ಬೇಡ ಅಂತ ತೆಗೆದು ಮಂಚದ ಮೇಲಿಟ್ಟು, ಚಿಕ್ಕಪ್ಪನ ಸ್ಕೂಟರ್ ಹತ್ತಿ ಹೋದಳು. ಬಸ್‌ಸ್ಟಾಪಿನ ಕಡೆ ಹೋಗಲೇ ಇಲ್ಲ.

ಬೆಳಗಾಯಿತು. ಸಣ್ಣರಂಗಯ್ಯ ಮೋಟರ್ ಹಾಕಿದ, ಗುಡಿಯ ವಾಲು ತಿರುಗಿಸಿದ. ಒಂದು ಸಲ ತೊಳೆದರು, ಪೂಜಾರಿಗೆ ಸಾಲಲಿಲ್ಲ. ಇನ್ನೊಂದು ಸಲ ತೊಳೆದರು. ತೊಟ್ಟಿ ಖಾಲಿಯಾದಾಗಲೆಲ್ಲಾ ಒಳಗಿನಿಂದ, “ಇನ್ನೊಂಚೂರು ಬುಡು ರಂಗಯ್ಯ,” ಅಂತ ಕೂಗು ಬರುತ್ತಿತ್ತು. ಅವನು ಬಿಡುತ್ತಿದ್ದ. ಭೀಮಕ್ಕ ಖಾಲಿ ಬಿಂದಿಗೆ ಹಿಡಿದು ಬಂದು, ಕೇರಿಗೆ ಯಾವಾಗ ಅಂತ ದೂರದಿಂದಲೇ ಕೈಯಲ್ಲಿ ಕೇಳಿದಳು. ಟ್ಯಾಂಕಿನಲ್ಲಿ ಉಳಿದಿರಲಿಲ್ಲ, ಕರೆಂಟು ಹೋಗಿತ್ತು. ಜನ ಕಾಯುತ್ತಾರೆ ಅಂತ ಸ್ಟೇಟಸ್ಸು ಹಾಕಿದ: ‘ಇವತ್ತು ಗುಡಿಗೆ ಬಿಟ್ಟಿದೆ. ಕೇರಿಗೆ ನೀರು ಇಲ್ಲ.’

ತೊಳೆಯುವುದಕ್ಕೆ ಅಂತ ಗುಡಿಯ ಬಾಗಿಲು ಹಾರುಹೊಡೆದು ತೆಗೆದಿದ್ದರು. ವಾಲಿನ ಹತ್ತಿರದಿಂದಲೇ ಒಳಗೆ ಕಾಣುತ್ತಿತ್ತು. ಅದೇ ಹೊಸಲು, ಅದೇ ಕಂಬ. ಕಂಬದ ಪಕ್ಕದ ಜಾಗವನ್ನು ಇಬ್ಬರು ಪೊರಕೆ ಹಿಡಿದು ತಿಕ್ಕುತ್ತಿದ್ದರು, ವಿಡಿಯೋದಲ್ಲಿ ಲೋಹಿತಾ ನಿಂತು ಹಾಡಿದ ಜಾಗ. ಅವಳು ಅಲ್ಲಿ ನಿಂತೇ ಇರಲಿಲ್ಲ. ಒಳಗಿನ ನೀರು ಮೆಟ್ಟಿಲಿಳಿದು ಬಂದು ಅವನ ಕಾಲಿಗೆ ತಾಗಿ ಮುಂದೆ ಹರಿಯಿತು.

ಫೋನು ಹೊಡೆದುಕೊಂಡಿತು. ಲೋಹಿತಾ. ಸಣ್ಣರಂಗಯ್ಯ ಕೈ ಅಂಗಿಗೆ ಒರೆಸಿಕೊಂಡು ಆತುರದಿಂದ ಎತ್ತಿದ.

“ಅಮ್ಮಾ, ಊಟ ಮಾಡಿದ್ಯಾ?”

“ಗುಡಿ ತೊಳೀತಾವ್ರಂತಲ್ಲಪ್ಪಾ.”

“ಊಂ ಕಣಮ್ಮ.”

ಆಮೇಲೆ ಲೋಹಿತಾ ಕೇಳಿದಳು:

“ನೀರು ಯಾರಪ್ಪಾ ಬುಟ್ಟಿದ್ದು?”

ಅವನು ಫೋನು ಕಿವಿಗೆ ಹಿಡಿದೇ ನಿಂತಿದ್ದ, ಅವಳು ಇಟ್ಟ ಮೇಲೂ. ಅವಳೂ ಸ್ಟೇಟಸ್ಸು ನೋಡಿಯೇ ಫೋನು ಮಾಡಿದ್ದಳು.